ಕಾಂಪೌಂಡರ ಕಲ್ಲುಗುಡ್ಡೆ

ಎಲ್ಲಕ್ಕೂ ಕಾರಣ ಒಂದು ಫೋಟೊ.

ಬುಧವಾರ ಸಂಜೆ ಪಶು ಆಸ್ಪತ್ರೆಯ ಕಾಂಪೌಂಡರು ತಮ್ಮ ಹೊಲದ ಮೂಲೆಯಲ್ಲಿದ್ದ ಕಲ್ಲುಗುಡ್ಡೆಯ ಮುಂದೆ ನಿಂತು ಅದರ ಫೋಟೊ ತೆಗೆದರು. ತೆಗೆದದ್ದನ್ನು ಬೀದಿಯವರೆಲ್ಲ ಸೇರಿ ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿಗೆ ಹಾಕಿ, "ಈ ಕಲ್ಲು ಸಾಗಿಸೋಕೆ ಶುಕ್ರವಾರ ಒಂದು ಟ್ರ್ಯಾಕ್ಟರ್ ಬೇಕಿತ್ತು. ಯಾರಿಗಾದ್ರೂ ಗೊತ್ತಿದ್ರೆ ಹೇಳಿ" ಎಂದು ಬರೆದರು. ಇದರಲ್ಲಿ ತಪ್ಪೇನಿದೆ ಹೇಳಿ? ದಿನಕ್ಕೆ ಲಕ್ಷಾಂತರ ಜನ ಇದಕ್ಕಿಂತ ಕೆಟ್ಟ ಫೋಟೊ ಹಾಕಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಒಬ್ಬರು ಹೆಬ್ಬೆರಳು ತೋರಿಸಿದರು. ಇನ್ನೊಬ್ಬರು ಏನನ್ನೂ ಓದದೆ ಗುಲಾಬಿ ಹೂವಿನ ಜೊತೆ ಶುಭಸಂಜೆ ಹೇಳಿದರು. ಮೂರನೆಯವರು ಕಳೆದ ತಿಂಗಳು ಕಾಣೆಯಾದ ತಮ್ಮ ಬೆಕ್ಕಿನ ವಿಷಯವನ್ನು ಮತ್ತೆ ಎತ್ತಿದರು. ನಾಲ್ಕನೆಯ ಉತ್ತರ ಇತಿಹಾಸದ ಮೇಷ್ಟ್ರದ್ದು. ಮೇಷ್ಟ್ರು ಕೆಲಸದಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಗಿತ್ತು. ಪಾಠ ಹೇಳುವುದರಿಂದ ಇನ್ನೂ ಆಗಿರಲಿಲ್ಲ.

"ತಮ್ಮಾ, ಅದರ ಒಂದು ಕಲ್ಲನ್ನೂ ಮುಟ್ಟಬೇಡ. ಅದು ಇತಿಹಾಸಪೂರ್ವ ಕಾಲದ ಸಮಾಧಿ ದಿಬ್ಬ. ಕನಿಷ್ಠ ಮೂರು ಸಾವಿರ ವರ್ಷ ಹಳೆಯದು."

ಕಾಂಪೌಂಡರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಗುವ ಮುಖದ ಚಿತ್ರಗಳನ್ನು ಒಟ್ಟು ಐದು ಕಳಿಸಿದರು. ಒಂದೇ ಕಳಿಸಿದ್ದರೆ ಮೇಷ್ಟ್ರು ಸಹಿಸಿಕೊಳ್ಳುತ್ತಿದ್ದರೋ ಏನೋ. ಐದನ್ನು ಯಾವ ಮೇಷ್ಟ್ರೂ ಸಹಿಸುವುದಿಲ್ಲ.

ಅವರು ನಕ್ಕಿದ್ದಕ್ಕೆ ಕಾರಣವಿತ್ತು. ಆ ಗುಡ್ಡೆ ಯಾರದು, ಎಷ್ಟು ಹಳೆಯದು ಎಂಬುದು ಭೂಮಿಯ ಮೇಲೆ ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಅದು ಕಾಂಪೌಂಡರಿಗೆ. ಏಕೆಂದರೆ ಅದನ್ನು ಪೇರಿಸಿದವರೇ ಅವರು. ಮಾವನವರು ಮಗಳ ಹೆಸರಿಗೆ ಬಿಟ್ಟುಹೋದ ಒಂದು ಎಕರೆ ಹೊಲದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚಿತ್ತು. ಅದರ ಮೇಲೆ ಆಳುದ್ದ ಮುಳ್ಳುಪೊದೆ. ಕಾಂಪೌಂಡರು ಹದಿನೆಂಟು ವರ್ಷ, ಪ್ರತಿ ಭಾನುವಾರ, ಮುಳ್ಳು ಕಡಿದು, ಹಾರೆ ಹಾಕಿ ಕಲ್ಲು ಮೀಟಿ, ಸಣ್ಣದನ್ನು ಬುಟ್ಟಿಯಲ್ಲಿ ಹೊತ್ತು, ದೊಡ್ಡದನ್ನು ಹಗ್ಗ ಕಟ್ಟಿ ಎಳೆದು, ಎಲ್ಲವನ್ನೂ ಒಂದು ಮೂಲೆಗೆ ತಂದು ಹಾಕಿದ್ದರು. ಊರಿನ ಗಂಡಸರು ಭಾನುವಾರ ಬೆಳಿಗ್ಗೆ ತಡವಾಗಿ ಎದ್ದು ಆಕಳಿಸುವ ಹೊತ್ತಿಗೆ ಇವರ ಬೆನ್ನು ಅರ್ಧ ಬಾಗಿರುತ್ತಿತ್ತು. ಗುಡ್ಡೆ ಈಗ ಒಂದೂವರೆ ಆಳು ಎತ್ತರವಾಗಿತ್ತು, ಕಾಂಪೌಂಡರ ಬೆನ್ನು ಪೂರ್ತಿ ಬಾಗಿತ್ತು.

ಇಷ್ಟೆಲ್ಲ ಯಾತಕ್ಕೆ? ಆ ಹೊಲದಲ್ಲೊಂದು ಸ್ವಂತ ಮನೆಗೆ. ಇಪ್ಪತ್ತೆರಡು ವರ್ಷದಿಂದ ಅವರು ಬಾಡಿಗೆ ಮನೆಯಲ್ಲಿದ್ದರು. ಮಹಡಿಯ ಮೇಲಿದ್ದ ಮನೆ ಮಾಲೀಕ ಕೆಳಗಿನ ನಲ್ಲಿ ತಿರುಗಿದ ಸದ್ದಾದರೆ ಸಾಕು, ಇಷ್ಟು ಹೊತ್ತಿಗೆ ಯಾಕೆ ನೀರು ಎಂದು ಮೇಲಿನಿಂದ ಕೆಮ್ಮುತ್ತಿದ್ದ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಹೆಂಡತಿ ಜೋರಾಗಿ ನಗುವ ಹಾಗಿಲ್ಲ. ಈಗ ಆತ ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಿ ಎಂದೂ ಹೇಳಿದ್ದ. ತಳಪಾಯ ಹಾಕಿದ್ದನ್ನು ಕಣ್ಣಾರೆ ತೋರಿಸಿದರೆ ಗೋಡೆ ಏಳುವವರೆಗೆ ಇರಬಹುದು, ಇಲ್ಲದಿದ್ದರೆ ಸಾಮಾನು ಬೀದಿಗೆ ಎಂಬುದು ಒಪ್ಪಂದ. ತಳಪಾಯಕ್ಕೆ ಬೇಕಾದ ಕಲ್ಲು ಗುಡ್ಡೆಯಲ್ಲಿತ್ತು. ಕೈತುಂಬ ಕೆಲಸವಿದ್ದ ಮೇಸ್ತ್ರಿ ಬಿಡುವು ಮಾಡಿಕೊಂಡಿದ್ದು ಶುಕ್ರವಾರ ಒಂದೇ ದಿನ. ಅದು ತಪ್ಪಿದರೆ ಇನ್ನು ಮೂರು ತಿಂಗಳು ಆತನ ಮುಖ ಕಾಣುವ ಹಾಗಿರಲಿಲ್ಲ.

ಶುಕ್ರವಾರ ರಜೆ ಹಾಕಿ, ಚಹಾ ತುಂಬಿದ ಫ್ಲಾಸ್ಕಿನ ಜೊತೆ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಂಪೌಂಡರು ಹೊಲಕ್ಕೆ ಬಂದರು. ಮೇಸ್ತ್ರಿ ಬಂದಿದ್ದ, ಟ್ರ್ಯಾಕ್ಟರೂ ಬಂದಿತ್ತು. ಅವರ ಜೊತೆಗೆ ಸುಮಾರು ಐವತ್ತು ಜನರೂ ಬಂದಿದ್ದರು. ಗುಡ್ಡೆಯ ಮುಂದೆ ಇತಿಹಾಸದ ಮೇಷ್ಟ್ರು ಛತ್ರಿ ಬಿಚ್ಚಿಕೊಂಡು, ಊರುಗೋಲನ್ನು ಅಡ್ಡ ಹಿಡಿದು ನಿಂತಿದ್ದರು.

"ಏನ್ ಮೇಷ್ಟ್ರೇ ಇದು? ದಾರಿ ಬಿಡಿ, ಮೇಸ್ತ್ರಿಗೆ ಹೊತ್ತಾಗುತ್ತೆ."

"ನನ್ನ ಹೆಣದ ಮೇಲೆ ಹಾದು ಹೋಗಲಿ ನಿನ್ನ ಟ್ರ್ಯಾಕ್ಟರು. ನಿನ್ನೆನೇ ಪ್ರಾಚ್ಯವಸ್ತು ಇಲಾಖೆಗೆ ಫೋನ್ ಮಾಡಿದೀನಿ. ಅಧಿಕಾರಿ ಹೊರಟಿದಾರೆ."

"ಅಯ್ಯೋ, ಈ ಗುಡ್ಡೆ ಹಾಕಿದ್ದು ನಾನು ಮೇಷ್ಟ್ರೇ!"

ಮೇಷ್ಟ್ರು ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ಅವರನ್ನು ನೋಡಿದರು. "ಬೇಕಿದ್ದು ಸಿಗಬೇಕು ಅಂದ್ರೆ ಜನ ಏನು ಬೇಕಾದ್ರೂ ಹೇಳ್ತಾರೆ ತಮ್ಮಾ. ಒಬ್ಬ ಮನುಷ್ಯನ ಕೈಲಿ ಆಗೋ ಕೆಲಸಾನಾ ಇದು? ಇನ್ನೂರು ಜನ, ಆರು ತಿಂಗಳು. ಪುಸ್ತಕದಲ್ಲೇ ಇದೆ."

"ಪುಸ್ತಕ ಬರೆದೋನು ಬಂದು ನನ್ನ ಬೆನ್ನು ನೋಡ್ಲಿ!"

ಕಾಂಪೌಂಡರ ಮೈ ಉರಿದುಹೋಯಿತು. ಉರಿಯದೆ ಇರುತ್ತದೆಯೇ? ಹದಿನೆಂಟು ವರ್ಷದಲ್ಲಿ ಒಬ್ಬನಾದರೂ ಬಂದು ಒಂದು ಕಲ್ಲಿಗೆ ಕೈ ಹಚ್ಚಿರಲಿಲ್ಲ. ಈಗ ಗುಡ್ಡೆ ನೋಡಲು ಐವತ್ತು ಜನ. ಅವರು ಸುತ್ತಲೂ ಕಣ್ಣಾಡಿಸಿ ಪಕ್ಕದ ಹೊಲದವನನ್ನು ಹಿಡಿದರು. ಊರೆಲ್ಲ ಅವನನ್ನು ಸಾಕ್ಷಿಯಣ್ಣ ಎಂದೇ ಕರೆಯುತ್ತಿತ್ತು. ಎಲ್ಲಿ ಯಾರು ಜಗಳವಾಡಿದರೂ, ಎಲ್ಲಿ ಯಾರ ಕೋಳಿ ಕಳೆದುಹೋದರೂ, ಅದನ್ನು ಕಣ್ಣಾರೆ ಕಂಡವನು ಅವನೇ ಆಗಿರುತ್ತಿದ್ದ.

"ಸಾಕ್ಷಿಯಣ್ಣ, ನೀನೇ ಹೇಳು. ಪ್ರತಿ ಭಾನುವಾರ ಬೇಲಿ ಹತ್ರ ನಿಂತು ನನ್ನ ನೋಡಿ ಹಲ್ಲು ಕಿಸೀತಿರಲಿಲ್ವಾ ನೀನು? 'ಕಾಂಪೌಂಡ್ರೇ, ಕಲ್ಲಿಗೂ ಇಂಜೆಕ್ಷನ್ ಕೊಡ್ತೀರಾ' ಅಂತ ಕೇಳ್ತಿರಲಿಲ್ವಾ?"

ಸಾಕ್ಷಿಯಣ್ಣ ಗಂಟಲು ಸರಿಮಾಡಿಕೊಂಡ. ಅವನ ಬೇಲಿಯ ಪಕ್ಕದಲ್ಲಿ ಆಗಲೇ ಒಂದು ಮೇಜು ಬಂದಿತ್ತು. ಮೇಜಿನ ಮೇಲೆ ನೀರಿನ ಬಾಟಲಿ, ಬಿಸ್ಕತ್ತು. ನೋಡಲು ಜನ ಬರುವ ಜಾಗದ ಪಕ್ಕದಲ್ಲಿ ಹೊಲ ಇರುವುದರ ಬೆಲೆ ಏನೆಂದು ಅವನಿಗೆ ಬೆಳಿಗ್ಗೆ ಆರು ಗಂಟೆಗೇ ಹೊಳೆದಿತ್ತು.

"ನೋಡಿ ಕಾಂಪೌಂಡ್ರೇ, ನೀವು ಒಳ್ಳೆಯವರು. ಒಂದೆರಡು ಬುಟ್ಟಿ ಕಲ್ಲು ತಂದು ಹಾಕಿರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಗುಡ್ಡೆ ನಮ್ಮ ತಾತನ ಕಾಲದಿಂದಲೂ ಇದೆ."

"ಥೂ!"

"ನನ್ನ ಮಾತು ಬೇಡ ಅಂದ್ರೆ ಅಮ್ಮನ್ನ ಕೇಳಿ."

ಸಾಕ್ಷಿಯಣ್ಣನ ತಾಯಿಗೆ ತೊಂಬತ್ತು ದಾಟಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಇತ್ತು ಮಗಾ, ಮೊದಲಿಂದಲೂ ಇತ್ತು. ಸಂಜೆ ಕತ್ತಲಾಗೋ ಹೊತ್ತಿಗೆ ಅದರ ಸುತ್ತ ಒಂದು ಬೆಳಕು ಓಡಾಡ್ತಿತ್ತು. ನರಳೋ ಸದ್ದೂ ಕೇಳ್ತಿತ್ತು."

ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಅಜ್ಜೀ, ಬೆಳಕು ನನ್ನ ಟಾರ್ಚು! ನರಳಿದ್ದೂ ನಾನೇ!" ಎಂದು ಕಾಂಪೌಂಡರು ಕೂಗಿದರು. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಕೇಳುತ್ತಿದ್ದ ಉಳಿದವರಿಗೆ ಅಜ್ಜಿಯ ಮಾತೇ ಹೆಚ್ಚು ಹಿಡಿಸಿತ್ತು.

ಹತ್ತು ಗಂಟೆಗೆ ಇಲಾಖೆಯ ಜೀಪು ಬಂತು. ಇಳಿದವರು ಕನ್ನಡಕ ಹಾಕಿದ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಹೆಗಲಿಗೆ ಚೀಲ, ಕೈಯಲ್ಲಿ ಅಳತೆಯ ಟೇಪು, ಹಿಂದೆ ಇಬ್ಬರು ಕೆಲಸಗಾರರು. ಯಾರ ಮಾತನ್ನೂ ಕೇಳದೆ ಅಧಿಕಾರಿ ಗುಡ್ಡೆಯ ಸುತ್ತ ಮೂರು ಸಲ ಬಂದರು, ಅಳೆದರು, ಬರೆದುಕೊಂಡರು, ಫೋಟೊ ತೆಗೆದರು. ಕಾಂಪೌಂಡರು ಟೇಪಿನ ಇನ್ನೊಂದು ತುದಿಯಂತೆ ಹಿಂದೆ ಹಿಂದೆಯೇ ತಿರುಗಿದರು.

"ಬುಡದಲ್ಲಿ ದೊಡ್ಡ ಕಲ್ಲು, ಮೇಲೆ ಹೋಗ್ತಾ ಹೋಗ್ತಾ ಚಿಕ್ಕದು," ಎಂದರು ಅಧಿಕಾರಿ.

"ವಯಸ್ಸಾಯ್ತು ಮೇಡಂ! ದೊಡ್ಡದನ್ನೆಲ್ಲ ಮೂವತ್ತರಲ್ಲಿ ಎತ್ತಿದೆ. ಈಗ ಸೊಂಟ ಕೇಳಲ್ಲ."

"ಸುತ್ತ ಒಂದು ಸಾಲು ಕಲ್ಲನ್ನ ನೆಟ್ಟಗೆ ನಿಲ್ಲಿಸಿ ಬಿಗಿ ಮಾಡಿದಾರೆ."

"ಮೇಲಿಂದು ಜಾರಿ ಸಾಕ್ಷಿಯಣ್ಣನ ಬೇಲಿ ಮೇಲೆ ಬೀಳಬಾರದು ಅಂತ ನಾನೇ ನಿಲ್ಲಿಸಿದ್ದು!"

"ಪೂರ್ವದ ಕಡೆ ಒಂದು ಗೂಡು ಬಿಟ್ಟಿದಾರೆ. ಒಬ್ಬ ಮನುಷ್ಯ ಮೊಣಕಾಲು ಮಡಿಸಿ ಕೂರುವಷ್ಟು ಜಾಗ."

"ನಾನೇ ಮೇಡಂ ಆ ಮನುಷ್ಯ! ಮಧ್ಯಾಹ್ನ ಅಲ್ಲಿ ನೆರಳು ಬರುತ್ತೆ, ಕೂತು ಊಟ ಮಾಡ್ತೀನಿ!"

"ಸತ್ತವರು ಹುಟ್ಟೋ ಸೂರ್ಯನ ಕಡೆ ಮುಖ ಮಾಡಿರಬೇಕು ಅನ್ನೋದು ಅವರ ನಂಬಿಕೆ," ಎಂದು ಮೇಷ್ಟ್ರು ಹಿಂದಿನಿಂದ ಜನರಿಗೆ ವಿವರಿಸಿದರು. "ಆ ಕಾಲದೋರು ಎಂಥ ಬುದ್ಧಿವಂತರು ನೋಡಿ. ಈಗಿನೋರಿಗೆ ನಾಲ್ಕು ಕಲ್ಲು ನೆಟ್ಟಗೆ ಜೋಡಿಸೋಕೆ ಬರಲ್ಲ."

ಈಗಿನವರಲ್ಲಿ ಒಬ್ಬರಾದ ಕಾಂಪೌಂಡರು ಮುಷ್ಟಿ ಬಿಗಿಹಿಡಿದರು. ತಾವು ಬದುಕಿಯೇ ಇದ್ದಾಗ ತಮ್ಮ ಕೆಲಸದ ಹೊಗಳಿಕೆಯೆಲ್ಲ ಯಾರೋ ಸತ್ತವನ ಪಾಲಾಗುವುದನ್ನು ಎಷ್ಟು ಹೊತ್ತು ನಿಂತು ಕೇಳುವುದು?

ಅಧಿಕಾರಿ ಒಂದು ಕಲ್ಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಇದನ್ನ ಕಟ್ಟಿದವರು ಯಾರೇ ಆಗಿರಲಿ, ಅಪರೂಪದ ಶ್ರದ್ಧೆ ಇದ್ದವರು. ಒಂದು ಕಲ್ಲೂ ಬೇಕಾಬಿಟ್ಟಿ ಇಟ್ಟಿಲ್ಲ."

ಆಸ್ಪತ್ರೆಯ ಡಾಕ್ಟರಾಗಲಿ, ಹೆಂಡತಿಯಾಗಲಿ, ಬೀದಿಯವರಾಗಲಿ, ಇಷ್ಟು ವರ್ಷದಲ್ಲಿ ಯಾರೂ ಕಾಂಪೌಂಡರಿಗೆ ಇಂಥದೊಂದು ಮಾತು ಹೇಳಿರಲಿಲ್ಲ. ಅವರು ಕೈ ಮುಗಿದು, "ತುಂಬಾ ಥ್ಯಾಂಕ್ಸ್ ಮೇಡಂ" ಎಂದರು. ಜನ ಗೊಳ್ಳೆಂದು ನಕ್ಕರು. ಮೇಸ್ತ್ರಿಯೂ ನಕ್ಕ, ಕೂಲಿ ಕೊಡುವವರು ಎಂಬುದನ್ನೂ ನೋಡದೆ.

ಅಧಿಕಾರಿ ಮಾತ್ರ ನಗಲಿಲ್ಲ. ಚೀಲದಿಂದ ಅಚ್ಚಾದ ಒಂದು ಕಾಗದ ತೆಗೆದರು. "ಸದ್ಯಕ್ಕೆ ಇದನ್ನ ಸಂರಕ್ಷಿತ ಸ್ಮಾರಕ ಅಂತ ಗುರುತು ಮಾಡ್ತಿದೀನಿ. ಸುತ್ತ ನೂರು ಮೀಟರ್ ಯಾವ ಕಟ್ಟಡವೂ ಏಳಬಾರದು."

"ಮೇಡಂ, ನನ್ನ ಹೊಲ ಇರೋದೇ ಒಂದು ಎಕರೆ! ನೂರು ಮೀಟರ್ ಅಂದ್ರೆ ಹೊಲ ಮುಗಿದು ಆಚೆ ರಸ್ತೆಗೆ ಹೋಗುತ್ತೆ!"

"ರಸ್ತೆ ಇರಬಹುದು. ಮನೆ ಇರಬಾರದು."

ಹೆಂಡತಿ ಫ್ಲಾಸ್ಕನ್ನು ಕೆಳಗಿಟ್ಟು ಅಳುವ ದನಿಯಲ್ಲಿ, "ರೀ, ಏನಾದ್ರೂ ಮಾಡ್ರೀ. ತಿಂಗಳ ಕೊನೆಗೆ ಎಲ್ಲಿಗೆ ಹೋಗೋಣ ನಾವು?" ಎಂದಳು.

ಕಾಂಪೌಂಡರು ಹೆಂಡತಿಯ ಮುಖ ನೋಡಿದರು, ಕಾಗದದ ಮೇಲೆ ಇಳಿಯುತ್ತಿದ್ದ ಪೆನ್ನು ನೋಡಿದರು. ಅವರ ಹತ್ತಿರ ಒಂದು ಪುರಾವೆ ಇತ್ತು. ಬೆಳಿಗ್ಗೆಯಿಂದ ಅದು ನಾಲಿಗೆಯ ತುದಿಗೆ ಬಂದು ಬಂದು ವಾಪಸ್ಸು ಹೋಗುತ್ತಿತ್ತು. ಅದನ್ನು ಹೇಳುವುದಕ್ಕಿಂತ ಸಮಾಧಿಯೊಳಗೆ ತಾವೇ ಮಲಗುವುದು ವಾಸಿ ಎಂದು ಅವರಿಗೆ ಅನಿಸುತ್ತಿತ್ತು. ಆದರೆ ಈಗ ಬೇರೆ ದಾರಿ ಉಳಿದಿರಲಿಲ್ಲ.

"ಮೇಡಂ, ಒಂದು ನಿಮಿಷ. ಗುಡ್ಡೆಯ ತಳದಲ್ಲಿ, ಪೂರ್ವದ ಕಡೆ, ಒಂದು ಸ್ಟೀಲ್ ಕ್ಯಾರಿಯರ್ ಇದೆ. ಮೂರು ಡಬ್ಬಿದು."

"ಕ್ಯಾರಿಯರ್?" ಎಂದರು ಅಧಿಕಾರಿ.

"ಕ್ಯಾರಿಯರ್?" ಎಂದಳು ಹೆಂಡತಿ, ಬೇರೆಯೇ ದನಿಯಲ್ಲಿ.

ಸಂಗತಿ ಇಷ್ಟು. ಕೆಲಸ ಶುರುಮಾಡಿದ ಮೊದಲ ವರ್ಷ ಕಾಂಪೌಂಡರು ಊಟ ಮುಗಿಸಿ ಕ್ಯಾರಿಯರನ್ನು ನೆರಳಿನಲ್ಲಿಟ್ಟು ಒಂದು ಬಂಡೆ ಉರುಳಿಸಿದ್ದರು. ಬಂಡೆ ಹೋಗಿ ಕೂತಿದ್ದು ಕ್ಯಾರಿಯರಿನ ಮೇಲೆ. ಅದು ಅತ್ತೆಯವರು ಮಗಳಿಗೆ ಕೊಟ್ಟ ಕ್ಯಾರಿಯರ್. ಅಪ್ಪಚ್ಚಿಯಾದದ್ದನ್ನು ತೆಗೆದುಕೊಂಡು ಮನೆಗೆ ಹೋಗುವ ಧೈರ್ಯ ಸಾಲದೆ ಅವರು ಅದರ ಮೇಲೆ ಇನ್ನಷ್ಟು ಕಲ್ಲು ಪೇರಿಸಿ, ಆಸ್ಪತ್ರೆಯ ಅಟೆಂಡರ್ ಹೊಡೆದುಕೊಂಡು ಹೋದ ಎಂದು ಹೆಂಡತಿಗೆ ಹೇಳಿದ್ದರು. ಅಂದಿನಿಂದ ಹೆಂಡತಿ ಅಟೆಂಡರನ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಳು. ಆ ಹೆಂಗಸಿಗೆ ಎರಡು ಹೆರಿಗೆಯಾದರೂ ಹೋಗಿ ನೋಡಿರಲಿಲ್ಲ.

"ಹದಿನೆಂಟು ವರ್ಷ," ಎಂದಳು ಹೆಂಡತಿ. "ಹದಿನೆಂಟು ವರ್ಷ ಆ ಪಾಪದ ಹೆಂಗಸನ್ನ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗಿದೀನಿ ನಾನು."

"ಆಮೇಲೆ ಬೈಯಿ. ಈಗ ಮನೆ ಉಳೀಲಿ," ಎಂದು ಕಾಂಪೌಂಡರು ಬೇಡಿಕೊಂಡರು. ಅವಳು ಮುಖ ತಿರುಗಿಸಿದಳು. ಅದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಾಗಿತ್ತು.

ಅಧಿಕಾರಿ ನ್ಯಾಯವಂತರು. ಒಂದು ಬದಿಯಿಂದ, ಎರಡು ಅಡಿ ಅಗಲಕ್ಕೆ, ತಳದವರೆಗೆ ಬಿಡಿಸಿ ನೋಡೋಣ ಎಂದರು. ಒಂದೊಂದು ಕಲ್ಲಿಗೂ ಸುಣ್ಣದಲ್ಲಿ ನಂಬರು ಬರೆದು, ಫೋಟೊ ತೆಗೆದು, ಆಮೇಲೆ ಇಳಿಸುವುದು. ಗಂಟೆ ಹನ್ನೊಂದಾಯಿತು, ಒಂದಾಯಿತು, ಎರಡಾಯಿತು. ಸಾಕ್ಷಿಯಣ್ಣನ ಬಿಸ್ಕತ್ತು ಖರ್ಚಾಗಿ ಎರಡನೇ ಡಬ್ಬ ಬಂತು. ಟ್ರ್ಯಾಕ್ಟರಿನ ನೆರಳಲ್ಲಿ ಮೇಸ್ತ್ರಿ ಗೊರಕೆ ಹೊಡೆದ. ನಡುವೆ ಒಂದು ಮೂಳೆ ಸಿಕ್ಕಿತು. "ಇಲ್ಲಿ ಹೂಳಿದ ನಾಯಕನ ತೊಡೆಮೂಳೆ!" ಎಂದು ಮೇಷ್ಟ್ರು ಛತ್ರಿ ಮಡಿಸಿ ತಲೆಬಾಗಿದರು. ಅವರನ್ನು ನೋಡಿ ಇನ್ನೂ ನಾಲ್ಕು ಜನ ಟೋಪಿ ತೆಗೆದರು.

ಕಾಂಪೌಂಡರು ಮೂಳೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಇಪ್ಪತ್ತೈದು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? "ಕತ್ತೆದು. ಹಿಂಗಾಲು, ಎಡಗಡೆದು. ಯಾವುದೋ ನಾಯಿ ಎಳ್ಕೊಂಡು ಬಂದಿರಬೇಕು. ಟೋಪಿ ಹಾಕ್ಕೊಳ್ರಪ್ಪ."

ಮೂರೂವರೆಗೆ ತಳ ಬಂತು. ಕೆಲಸಗಾರ ಬ್ರಷ್ಷಿನಿಂದ ಮಣ್ಣು ಗುಡಿಸಿದ. ಏನೋ ಮಿಂಚಿತು. ಇನ್ನಷ್ಟು ಗುಡಿಸಿದ. ರೊಟ್ಟಿಯಂತೆ ಚಪ್ಪಟೆಯಾದ ಮೂರು ಡಬ್ಬಿ, ಮುರಿದ ಹಿಡಿ, ಸೊಟ್ಟಗಾದ ಒಂದು ಚಮಚ.

ಅಧಿಕಾರಿ ಅದನ್ನು ಹೆಂಡತಿಯ ಮುಂದೆ ಹಿಡಿದರು. "ಗುರುತು ಸಿಗುತ್ತಾ ಅಮ್ಮಾ?"

"ನಮ್ಮಮ್ಮಂದು," ಎಂದು ಅವಳು ಬಿಕ್ಕಿದಳು. "ಮೇಲಿನ ಡಬ್ಬಿಗೆ ಮುಚ್ಚಳ ಸರಿಯಾಗಿ ಕೂರ್ತಿರಲಿಲ್ಲ."

ಆಮೇಲಿನ ಹತ್ತು ನಿಮಿಷ ಕಾಂಪೌಂಡರ ಬಾಳಿನ ಅತ್ಯಂತ ಸುಖದ ಹತ್ತು ನಿಮಿಷ. ಅಧಿಕಾರಿ ಅಚ್ಚಾದ ಕಾಗದಕ್ಕೆ ಅಡ್ಡ ಗೆರೆ ಎಳೆದು, "ಇದು ಹೊಸದು. ಸ್ಮಾರಕ ಅಲ್ಲ" ಎಂದರು. ಕಾಂಪೌಂಡರು ಒಂದು ಕಲ್ಲಿನ ಮೇಲೆ ಹತ್ತಿ ನಿಂತು ಐವತ್ತು ಜನರನ್ನೂ ವಿಚಾರಿಸಿಕೊಂಡರು.

"ಈಗ ಹೇಳ್ರಯ್ಯಾ! ಎಲ್ಲಿ ನಿಮ್ಮ ನಾಯಕ? ಎಲ್ಲಿ ಇನ್ನೂರು ಜನ? ಮೇಷ್ಟ್ರೇ, ನಿಮ್ಮ ಪುಸ್ತಕದಲ್ಲಿ ಕ್ಯಾರಿಯರ್ ವಿಷಯ ಇದೆಯಾ? ಸಾಕ್ಷಿಯಣ್ಣ, ನಿಮ್ಮ ತಾತ ಸ್ಟೀಲ್ ಡಬ್ಬೀಲಿ ಊಟ ತರ್ತಿದ್ನಾ? ಮನುಷ್ಯ ಕಣ್ಣೆದುರಿಗೆ ಹದಿನೆಂಟು ವರ್ಷ ದುಡಿದ್ರೆ ನಿಮಗೆ ಕಾಣಲ್ಲ. ಅವನು ಸತ್ತು ಮೂರು ಸಾವಿರ ವರ್ಷ ಆಗಿರಬೇಕು, ಆಗ ಬಂದು ಕೈ ಮುಗೀತೀರಿ!"

ಮೇಷ್ಟ್ರು ಛತ್ರಿಯ ತುದಿಯಿಂದ ನೆಲ ಕೆರೆದರು. ಸಾಕ್ಷಿಯಣ್ಣ ಮೇಜಿನ ಮೇಲಿನ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಇಳಿಸತೊಡಗಿದ. ಮೇಸ್ತ್ರಿ ಎದ್ದು, ಮೈ ಮುರಿದು, "ಇನ್ನೂ ಎರಡು ಗಂಟೆ ಬೆಳಕಿದೆ ಸಾರ್, ಒಂದು ಸಾಲು ಎಳೆದುಬಿಡ್ತೀನಿ" ಎಂದು ಹಾರೆಗೆ ಕೈ ಹಾಕಿದ.

"ಮೇಡಂ, ಇದು ನಾನೇ ಮಾಡಿದ್ದು ಅಂತ ನನಗೆ ಬರವಣಿಗೇಲಿ ಬೇಕು. ಮೊಹರು ಹಾಕಿ ಕೊಡಿ. ಇಲ್ದಿದ್ರೆ ನಾಳೆ ಮತ್ತೆ ಇನ್ನೊಬ್ಬ ಮೇಷ್ಟ್ರು ಬರ್ತಾರೆ," ಎಂದರು ಕಾಂಪೌಂಡರು.

"ಖಂಡಿತ ಕೊಡ್ತೀನಿ," ಎಂದು ಅಧಿಕಾರಿ ಇನ್ನೊಂದು ಕಾಗದ ತೆಗೆದರು. "ಕಲ್ಲು ಎಲ್ಲಿಂದ ತಂದಿದ್ದು ಅಂತ ಒಂದು ಕಾಲಂ ಇದೆ. ಅದೊಂದು ಹೇಳಿಬಿಡಿ."

'ಹೊಲದಿಂದ' ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಾಮಾನ್ಯ ದಿನವಾಗಿದ್ದರೆ ಹೆಂಡತಿ ಮೊಣಕೈ ಚಿವುಟಿ ಅಷ್ಟಕ್ಕೇ ನಿಲ್ಲಿಸುತ್ತಿದ್ದಳು. ಆದರೆ ಅವಳು ಕ್ಯಾರಿಯರ್ ಅಪ್ಪಿಕೊಂಡು ದೂರ ಹೋಗಿ ಕೂತಿದ್ದಳು. ಬೆಳಿಗ್ಗೆಯಿಂದ ಯಾರೂ ನಂಬದೆ ಒಳಗೇ ಉಳಿದಿದ್ದೆಲ್ಲ ಕಾಂಪೌಂಡರ ಬಾಯಿಗೆ ಒಮ್ಮೆಲೇ ನುಗ್ಗಿ ಬಂತು.

"ಬರ್ಕೊಳ್ಳಿ ಮೇಡಂ, ಪೂರ್ತಿ ಬರ್ಕೊಳ್ಳಿ. ಈ ದುಂಡು ಕಲ್ಲುಗಳಿವೆಯಲ್ಲ, ಇವೆಲ್ಲ ಹೊಲದ ನಡುವೆ ಬಳೆ ಇಟ್ಟ ಹಾಗೆ ಸುತ್ತಲೂ ನಿಂತಿದ್ದವು. ಮುಳ್ಳು ಕಡಿದ ಮೇಲೆ ಕಂಡಿದ್ದು."

ಅಧಿಕಾರಿಯ ಪೆನ್ನು ನಿಂತಿತು. "ಸುತ್ತಲೂ ಅಂದ್ರೆ?"

"ಸುತ್ತಲೂ ಅಂದ್ರೆ ಅಚ್ಚುಕಟ್ಟಾಗಿ, ದುಂಡಗೆ! ಅಂಥವು ಹನ್ನೊಂದಿದ್ದವು. ಹನ್ನೊಂದನ್ನೂ ನಾನೊಬ್ಬನೇ ಕಿತ್ತೆ. ಎರಡು ಹಾರೆ ಮುರೀತು."

"ಮುಂದುವರಿಸಿ," ಎಂದರು ಅಧಿಕಾರಿ. ಅವರ ದನಿ ಬಹಳ ಮೆತ್ತಗಾಗಿತ್ತು.

"ಈ ಚಪ್ಪಡಿಗಳು ನೋಡಿ. ಇವನ್ನ ಆ ಬಳೆ ನಡುವೆ ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಮುಚ್ಚಿ, ಪೆಟ್ಟಿಗೆ ಥರ ಮಾಡಿದ್ರು ಯಾರೋ ಕೆಲಸ ಇಲ್ಲದೋರು. ಒಂದರಲ್ಲಿ ಇಷ್ಟಗಲ ದುಂಡನೆ ತೂತು ಬೇರೆ! ಬರಿಗೈಲಿ ಏಳಲಿಲ್ಲ. ದೊಡ್ಡ ಸುತ್ತಿಗೆ ತಂದು ಮೂರು ಭಾನುವಾರ ಬಡಿದು ಬಡಿದು ಒಡೆದೆ. ಬಿಡ್ತೀನಾ?"

"ಒಳಗೆ ಏನಾದ್ರೂ ಇತ್ತಾ?"

"ಏನಿರುತ್ತೆ, ಕಸ. ಕಪ್ಪು ಕೆಂಪು ಮಡಕೆ ಚೂರು ರಾಶಿ ರಾಶಿ. ತುಕ್ಕು ಹಿಡಿದ ಕತ್ತಿ ಥರದ್ದೇನೋ. ಕೆಂಪು ಮಣಿಗಳು. ಕಾಲಿಗೆ ಚುಚ್ಚುತ್ತೆ ಅಂತ ಬುಟ್ಟಿಗಟ್ಟಲೆ ಹೊತ್ತು ಹಳ್ಳಕ್ಕೆ ಸುರಿದೆ. ಒಂದು ಚೂರು ಉಳಿಸಲಿಲ್ಲ."

ಏನೋ ಬಿದ್ದ ಸದ್ದಾಯಿತು. ಮೇಷ್ಟ್ರ ಛತ್ರಿ. ಅದರ ಹಿಂದೆಯೇ ಮೇಷ್ಟ್ರೂ ನೆಲಕ್ಕೆ ಕುಸಿದು ಕೂತು, ಮಂಡಿಗೆ ಮುಖ ಹಚ್ಚಿ, "ಹನ್ನೊಂದು... ಹನ್ನೊಂದು ಸಮಾಧಿ..." ಎಂದು ಅಳತೊಡಗಿದರು.

ಕಾಂಪೌಂಡರು ಮೇಷ್ಟ್ರನ್ನು ನೋಡಿದರು, ಅಧಿಕಾರಿಯನ್ನು ನೋಡಿದರು. ತಾವು ಹೇಳಿದ್ದು ಏನೆಂದು ಅವರ ತಲೆಗೆ ನಿಧಾನವಾಗಿ ಇಳಿಯಿತು.

"ಅಂದ್ರೆ... ಮೇಡಂ, ಒಂದೆರಡು ನಾನು ಸುಮ್ನೆ ಜಾಸ್ತಿ ಹೇಳಿರಬಹುದು. ಒಬ್ಬನ ಕೈಲಿ ಆಗೋ ಕೆಲಸಾನಾ ಇದು? ಅಲ್ವಾ ಮೇಷ್ಟ್ರೇ? ಇನ್ನೂರು ಜನ ಬೇಕು, ಪುಸ್ತಕದಲ್ಲೇ ಇದೆ..."

"ಇಲ್ಲ ಮೇಡಂ!" ಎಂದು ಬೇಲಿಯ ಕಡೆಯಿಂದ ದನಿ ಬಂತು. ಸಾಕ್ಷಿಯಣ್ಣ ಬಾಟಲಿಗಳನ್ನು ಮತ್ತೆ ಮೇಜಿನ ಮೇಲೆ ಜೋಡಿಸುತ್ತಿದ್ದ. "ಅವರೊಬ್ಬರೇ ಮಾಡಿದ್ದು. ಹದಿನೆಂಟು ವರ್ಷ, ಪ್ರತಿ ಭಾನುವಾರ, ನಾನೇ ಕಣ್ಣಾರೆ ನೋಡಿದೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

"ಎಲ್ಲಿಗೆ ಹೋಗಿತ್ತೋ ಬೆಳಿಗ್ಗೆ ನಿನ್ನ ಕಣ್ಣು!"

"ಬೆಳಿಗ್ಗೆ ನೀವು ಸರಿಯಾಗಿ ಕೇಳಲಿಲ್ಲ ಕಾಂಪೌಂಡ್ರೇ."

ಮಹಜರು ಬರೆದರು. ಈ ಗುಡ್ಡೆಯನ್ನು ಸದರಿಯವರೇ, ಬೇರೆ ಯಾರ ಸಹಾಯವೂ ಇಲ್ಲದೆ, ಸ್ವಂತ ಕೈಯಿಂದ ಪೇರಿಸಿದ್ದು ನಿಜ ಎಂದು ಅಧಿಕಾರಿ ಓದಿ ಹೇಳಿದರು. ಬೆಳಿಗ್ಗೆ ಒಬ್ಬನೂ ನಂಬದಿದ್ದ ಆ ಮಾತಿಗೆ ಸಹಿ ಹಾಕಲು ಐವತ್ತು ಜನವೂ ಸಾಲುಗಟ್ಟಿ ನಿಂತರು. ಅಜ್ಜಿ ಕುರ್ಚಿಯಲ್ಲಿ ಕೂತಲ್ಲೇ ಹೆಬ್ಬೆಟ್ಟು ಒತ್ತಿದಳು. ಅಧಿಕಾರಿ ದುಂಡನೆಯ ಮೊಹರು ಹಾಕಿ ಒಂದು ಪ್ರತಿಯನ್ನು ಕಾಂಪೌಂಡರ ಕೈಗೆ ಕೊಟ್ಟರು. ದಿನವಿಡೀ ಅವರು ಕೇಳಿಕೊಂಡಿದ್ದೂ ಅದನ್ನೇ ಅಲ್ಲವೇ?

"ಇಡೀ ಹೊಲ ಇನ್ನು ಮುಂದೆ ಸಂರಕ್ಷಿತ ಪ್ರದೇಶ," ಎಂದರು ಅಧಿಕಾರಿ. "ಇಲ್ಲಿ ಮನೆಯ ಮಾತು ಬಿಟ್ಟುಬಿಡಿ. ಕಾನೂನು ಪ್ರಕಾರ ನಿಮ್ಮನ್ನ ಎರಡು ವರ್ಷ ಒಳಗೆ ಹಾಕಿಸಬಹುದು. ಆದ್ರೆ ಯಾವ ಕಲ್ಲು ಎಲ್ಲಿತ್ತು ಅಂತ ತಿಳಿದಿರೋರು ಇಡೀ ಇಲಾಖೆಗೆ ನೀವೊಬ್ಬರೇ. ನೆನಪಿದೆ ತಾನೆ?"

"ಒಂದೊಂದೂ ನೆನಪಿದೆ," ಎಂದು ಕಾಂಪೌಂಡರ ಬಾಯಿ ಅವರನ್ನು ಕೇಳದೆಯೇ ಹೇಳಿತು.

"ಒಳ್ಳೇದಾಯ್ತು. ಹಾಗಾದ್ರೆ ವಾಪಸ್ ಇಟ್ಟುಬಿಡಿ."

"ಎಲ್ಲಾನೂ? ಹದಿನೆಂಟು ವರ್ಷ ಹಿಡೀತು ಮೇಡಂ ಇಲ್ಲಿಗೆ ತರೋಕೆ!"

"ಇಲಾಖೆ ಅಷ್ಟು ಕಾಯಲ್ಲ. ಮಳೆಗಾಲದೊಳಗೆ ಮುಗಿಸಿ. ಮೇಲ್ವಿಚಾರಣೆಗೆ ಒಬ್ಬರನ್ನ ನೇಮಿಸಿದೀನಿ, ಅವರು ಸಂಬಳ ಬೇಡ ಅಂದಿದಾರೆ."

ಜೀಪು ಹೋಯಿತು. ಟ್ರ್ಯಾಕ್ಟರು ಖಾಲಿಯಾಗಿ ಅದರ ಹಿಂದೆ ಹೋಯಿತು. ಮೇಸ್ತ್ರಿ ಹಾರೆಯೊಂದನ್ನು ಅಲ್ಲೇ ಬಿಟ್ಟು, "ನಿಮಗೆ ಬೇಕಾಗುತ್ತೆ ಸಾರ್, ಇಟ್ಕೊಳ್ಳಿ" ಎಂದು ಕರುಣೆಯಿಂದ ಹೇಳಿ ಹೊರಟ. ಹೆಂಡತಿ ಅಟೆಂಡರನ ಮನೆಗೆ ಹೋಗಿಬರುತ್ತೇನೆಂದು ನಡೆದೇ ಹೋಗಿಬಿಟ್ಟಳು. ಯಾವಾಗ 'ಬರುತ್ತೇನೆ' ಎಂಬುದನ್ನು ಮಾತ್ರ ಹೇಳಲಿಲ್ಲ. ಸಾಕ್ಷಿಯಣ್ಣನ ಮೇಜಿನ ಸುತ್ತ ಒಳ್ಳೆಯ ವ್ಯಾಪಾರ ನಡೆಯುತ್ತಿತ್ತು.

ಅನ್ಯಾಯ, ಶುದ್ಧ ಅನ್ಯಾಯ ಎಂದು ಗೊಣಗುತ್ತ ಕಾಂಪೌಂಡರು ಗುಡ್ಡೆಯ ಬಳಿಗೆ ಬಂದು, ಬಗ್ಗಿ, ತುದಿಯ ಒಂದು ಕಲ್ಲನ್ನು ಎದೆಗೆ ಅವುಚಿಕೊಂಡು ಎತ್ತಿದರು. ಸೊಂಟ ಚುಳ್ಳೆಂದಿತು. ಹಿಂದೆ ಛತ್ರಿ ಬಿಚ್ಚಿದ ಸದ್ದಾಯಿತು. ಮೇಷ್ಟ್ರು ಕಣ್ಣೊರೆಸಿಕೊಂಡು, ಅಜ್ಜಿ ಎದ್ದುಹೋಗಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು, ನೆರಳು ನೋಡಿ ಕೂತಿದ್ದರು.

"ಅದಲ್ಲ ತಮ್ಮಾ," ಎಂದರು. "ಬುಡದ್ದು ಮೊದಲು."